ಸ್ಟೆಬಿಲೈಸರ್ ಬಾರ್ ಜೋಡಣೆ: ಲೆಕ್ಕದ ಪುಸ್ತಕ ಕಲಿಸಿದ ಪಾಠ



ಮಲೆನಾಡಿನ ಪಟ್ಟಣವೊಂದರಲ್ಲಿ ಜೀಪುಗಳ ಬಿಡಿಭಾಗ ಮಾರಾಟ ಹಾಗೂ ಜೋಡಣೆಯ ಅಂಗಡಿ ನಡೆಸುತ್ತಿರುವ ನಮ್ಮ ಕಕ್ಷಿದಾರರೊಬ್ಬರ ವಾರ್ಷಿಕ ಲೆಕ್ಕಪತ್ರಗಳನ್ನು ಕೆಲವು ವರ್ಷಗಳ ಹಿಂದೆ ಪರಿಶೀಲಿಸುತ್ತಿದ್ದೆ. ಮಾರಾಟ ಹೆಚ್ಚಿತ್ತು, ಒಟ್ಟು ಲಾಭದ ಪ್ರಮಾಣ ಮಾತ್ರ ಇಳಿದಿತ್ತು. ಕಾರಣ ಹುಡುಕುತ್ತಾ ಹೋದಾಗ ‘ಉಚಿತ ಬದಲಾವಣೆ’ ಎಂಬ ಖಾತೆ ಕಣ್ಣಿಗೆ ಬಿತ್ತು. ಅದರ ತುಂಬ ಲಿಂಕ್ ರಾಡ್ ಹಾಗೂ ಬುಷ್‌ಗಳೇ ಇದ್ದವು. “ಮಾಲೇ ಸರಿಯಿಲ್ಲ ಸಾರ್, ಸರಬರಾಜುದಾರರನ್ನು ಬದಲಿಸುತ್ತೇನೆ” ಎಂದರು ಮಾಲೀಕರು. ಅದೇ ವಾರ ಘಟ್ಟ ಇಳಿದು ಬಂದ ಗಿರಾಕಿಯೊಬ್ಬರ ಜೀಪಿನಲ್ಲಿ, ಸ್ಥಾನ ತಪ್ಪಿದ ಲಿಂಕ್ ರಾಡ್ ಬ್ರೇಕ್ ಹೋಸಿನ ಹೊರಪದರವನ್ನು ಉಜ್ಜಿ ಸವೆಸಿತ್ತು. ಇನ್ನೊಂದು ಪ್ರಯಾಣ ಆಗಿದ್ದರೆ ಏನಾಗುತ್ತಿತ್ತೆಂಬುದನ್ನು ವಿವರಿಸಬೇಕಿಲ್ಲ. ವಾಣಿಜ್ಯ ಪದವೀಧರನಾದ ನನಗೆ ಗ್ರೀಸಿನ ಪರಿಚಯ ಅಷ್ಟಕ್ಕಷ್ಟೇ. ಆದರೂ ಒಂದು ದಿನ ಪೂರ್ತಿ ಅವರ ಗ್ಯಾರೇಜಿನಲ್ಲಿ ಕುಳಿತು ನೋಡಿದೆ. ದೋಷ ಮಾಲಿನಲ್ಲಿರಲಿಲ್ಲ, ಜೋಡಣೆಯಲ್ಲಿತ್ತು.

ಸ್ಟೆಬಿಲೈಸರ್ ಬಾರ್, ಅಂದರೆ ಸ್ವೇ ಬಾರ್, ಎಡ ಮತ್ತು ಬಲ ಚಕ್ರಗಳ ಸಸ್ಪೆನ್ಷನ್‌ಗಳನ್ನು ಬೆಸೆಯುವ ಬಾಗಿದ ಉಕ್ಕಿನ ಸರಳು. ತಿರುವಿನಲ್ಲಿ ವಾಹನ ಒಂದು ಬದಿಗೆ ವಾಲಿದಾಗ ಈ ಸರಳು ತಿರುಚಿಕೊಂಡು ಆ ವಾಲುವಿಕೆಯನ್ನು ತಡೆಯುತ್ತದೆ. ಎರಡೂ ಚಕ್ರಗಳು ಒಟ್ಟಿಗೆ ಮೇಲೇರಿದರೆ ಅದಕ್ಕೆ ಕೆಲಸವಿಲ್ಲ. ಇದರ ಬಿಗಿತವು ವ್ಯಾಸದ ನಾಲ್ಕನೆಯ ಘಾತಕ್ಕೆ ಅನುಗುಣವಾಗಿರುತ್ತದೆ ಎಂಬುದು ವ್ಯಾಪಾರಿಗಳು ಗಮನಿಸಬೇಕಾದ ಸಂಗತಿ. 25 ಮಿ.ಮೀ. ಘನ ಸರಳಿನ ಬದಲು 28 ಮಿ.ಮೀ. ಸರಳು ಹಾಕಿದರೆ ಉಕ್ಕಿನ ತೂಕ ಸುಮಾರು 25 ಶೇಕಡಾ ಹೆಚ್ಚುತ್ತದೆ, ಬಿಗಿತವಾದರೋ ಸುಮಾರು 57 ಶೇಕಡಾ. “ಮೂರು ಮಿಲಿಮೀಟರ್ ತಾನೇ” ಎಂದು ದಪ್ಪ ಸರಳನ್ನು ಶಿಫಾರಸು ಮಾಡುವ ಮಾರಾಟಗಾರನಿಗೆ ಈ ಲೆಕ್ಕ ತಿಳಿದಿರಬೇಕು. ಮುಂಭಾಗದಲ್ಲಿ ಬಿಗಿತ ಅತಿಯಾದರೆ ತಿರುವಿನಲ್ಲಿ ವಾಹನ ಹೊರಗೆಳೆಯುತ್ತದೆ. ಹಿಂಭಾಗದಲ್ಲಿ ಅತಿಯಾದರೆ ಮಳೆಗಾಲದ ಘಟ್ಟದಲ್ಲಿ ಬಾಲ ಜಾರುತ್ತದೆ. ಎರಡನೆಯದು ಹೆಚ್ಚು ಅಪಾಯಕರ.

ಇನ್ನು ಜೋಡಣೆ. ನಾನು ಕಂಡ ಮುಖ್ಯ ತಪ್ಪು ಇದು: ವಾಹನವನ್ನು ಲಿಫ್ಟಿನ ಮೇಲೆತ್ತಿ, ಚಕ್ರಗಳು ಜೋತಾಡುತ್ತಿರುವಾಗಲೇ ಎಲ್ಲ ಬೋಲ್ಟುಗಳನ್ನೂ ಪೂರ್ಣ ಬಿಗಿಯಲಾಗುತ್ತಿತ್ತು. ಆ ಸ್ಥಿತಿಯಲ್ಲಿ ಬಿಗಿದ ರಬ್ಬರ್ ಬುಷ್, ವಾಹನ ಕೆಳಗಿಳಿದ ಕ್ಷಣದಿಂದಲೇ ತಿರುಚಿಕೊಂಡು ನಿಲ್ಲುತ್ತದೆ. ಬಹು ಬೇಗ ಹರಿಯುತ್ತದೆ. ಸರಿಯಾದ ಕ್ರಮದಲ್ಲಿ ಮೊದಲು ಎರಡೂ ಬದಿಯ ಟೈರುಗಳ ಗಾಳಿ ಸಮ ಮಾಡಿ, ಗಿರಾಕಿ ಸಾಮಾನ್ಯವಾಗಿ ಹೊರುವ ಭಾರದೊಡನೆ ವಾಹನವನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಬೇಕು. ಚಕ್ರದ ಮಧ್ಯದಿಂದ ಮಡ್‌ಗಾರ್ಡ್ ಅಂಚಿನವರೆಗಿನ ಎತ್ತರವನ್ನು ಎರಡೂ ಬದಿ ಅಳೆದು ಬರೆದಿಡಬೇಕು. ಬ್ರಾಕೆಟ್‌ಗಳನ್ನು ಸಡಿಲವಾಗಿಯೇ ಕೂಡಿಸಿ, ಸರಳು ಬುಷ್‌ಗಳೊಳಗೆ ಕೈಯಿಂದ ತಿರುಗುವುದೇ ಎಂದು ನೋಡಬೇಕು. ಪಾಲಿಯುರಿಥೇನ್ ಬುಷ್‌ಗೆ ಸಿಲಿಕೋನ್ ಗ್ರೀಸ್ ಬಳಸಬೇಕು. ಸಾಮಾನ್ಯ ಪೆಟ್ರೋಲಿಯಂ ಗ್ರೀಸು ರಬ್ಬರ್ ಬುಷ್‌ಗಳನ್ನು ಕೆಡಿಸುತ್ತದೆ.

ಲಿಂಕ್ ರಾಡ್‌ಗಳ ವಿಷಯದಲ್ಲಿ ತಾಳ್ಮೆ ಅಗತ್ಯ. ಒಂದು ಬದಿಯ ಲಿಂಕನ್ನು ಕೂಡಿಸಿದ ಬಳಿಕ ಇನ್ನೊಂದು ಬದಿಯ ಲಿಂಕಿನ ಉದ್ದವನ್ನು, ಬೋಲ್ಟು ಬೆರಳಿನಿಂದಲೇ ಸರಾಗವಾಗಿ ಒಳಹೋಗುವವರೆಗೆ ಹೊಂದಿಸಬೇಕು. ಸುತ್ತಿಗೆ ಬೇಕಾಯಿತೆಂದರೆ ಸರಳು ನಿಂತಲ್ಲೇ ತಿರುಚಿಕೊಂಡಿದೆ ಎಂದರ್ಥ. ಅಂತಹ ವಾಹನ ಎಡಕ್ಕೂ ಬಲಕ್ಕೂ ಬೇರೆಬೇರೆ ಬಗೆಯಲ್ಲಿ ತಿರುಗುತ್ತದೆ. ವಾಹನ ಚಕ್ರಗಳ ಮೇಲೆ ನಿಂತಿರುವಾಗ ಸರಳಿನ ತೋಳುಗಳು ಹೆಚ್ಚುಕಡಿಮೆ ನೆಲಕ್ಕೆ ಸಮಾನಾಂತರವಾಗಿಯೂ ಲಿಂಕ್‌ಗಳು ತೋಳಿಗೆ ಲಂಬವಾಗಿಯೂ ಇರಬೇಕು. ಸಸ್ಪೆನ್ಷನ್ ಎತ್ತರಿಸಿದ ಜೀಪಿಗೆ ಹಳೆಯ ಲಿಂಕ್‌ಗಳನ್ನೇ ಉಳಿಸಿದರೆ ಈ ಕೋನ ಕೆಡುತ್ತದೆ. ಬ್ರೇಕ್ ಹೋಸ್ ಸವೆದ ಜೀಪಿನಲ್ಲಿ ಆಗಿದ್ದೂ ಅದೇ. ತೋಳಿನಲ್ಲಿ ಹಲವು ರಂಧ್ರಗಳಿದ್ದರೆ, ತುದಿಯ ರಂಧ್ರ ಮೃದು, ಒಳಗಿನದು ಬಿಗಿ. ಮೃದುವಾದುದರಿಂದ ಆರಂಭಿಸಿ, ಎರಡೂ ಬದಿಗೆ ಒಂದೇ ರಂಧ್ರ ಬಳಸುವುದು ಕ್ಷೇಮ.

ಇಷ್ಟಾದ ಮೇಲೆಯೇ, ಚಕ್ರಗಳ ಮೇಲೆ ಭಾರವಿರುವಂತೆ, ತಯಾರಕರು ನೀಡಿದ ಪ್ರಮಾಣಕ್ಕೆ ಟಾರ್ಕ್ ರೆಂಚಿನಿಂದ ಬಿಗಿಯಬೇಕು. ಅನಂತರ ಒಂದು ಮುಂಚಕ್ರವನ್ನು ರ‍್ಯಾಂಪ್ ಹತ್ತಿಸಿ, ಸ್ಟಿಯರಿಂಗನ್ನು ಎರಡೂ ಕಡೆ ಪೂರ್ಣ ತಿರುಗಿಸಿ, ಟೈರು, ಆಕ್ಸಲ್, ಬ್ರೇಕ್ ಹೋಸ್‌ಗಳಿಗೆ ಏನಾದರೂ ತಾಗುವುದೇ ಎಂದು ಪರೀಕ್ಷಿಸತಕ್ಕದ್ದು. ಕೆಲವು ನೂರು ಕಿಲೋಮೀಟರ್ ಓಡಿದ ಬಳಿಕ ಮರುಬಿಗಿತವೂ ಆಗಬೇಕು. ಕಲ್ಲುಹಾದಿಯಲ್ಲಿ ಬಿಗಿಯಾದ ಸರಳು ಚಕ್ರವನ್ನು ನೆಲದಿಂದ ಎತ್ತಿಬಿಡುವುದರಿಂದ ಕೆಲವರು ಲಿಂಕ್ ಬಿಚ್ಚಿಡುತ್ತಾರೆ. ಜೀಪ್ ರ‍್ಯಾಂಗ್ಲರ್ ರುಬಿಕಾನ್‌ನಲ್ಲಿ 2007ರ ಮಾದರಿಯಿಂದಲೇ ಮುಂದಿನ ಸರಳಿಗೆ ಇದಕ್ಕೊಂದು ಗುಂಡಿಯಿದೆ. ಕೈಯಿಂದ ಬಿಚ್ಚುವವರು ಎರಡೂ ಬದಿ ಬಿಚ್ಚಿ, ಸರಳನ್ನು ಮೇಲೆ ಕಟ್ಟಿ, ಡಾಂಬರು ರಸ್ತೆಗೆ ಬರುವ ಮುನ್ನ ಮರಳಿ ಕೂಡಿಸಲೇಬೇಕು.

ಇನ್ನು ನನ್ನ ಕ್ಷೇತ್ರ. ಬಿಡಿಭಾಗದ ಬೆಲೆಯನ್ನೂ ಕೂಲಿಯನ್ನೂ ಬಿಲ್ಲಿನಲ್ಲಿ ಪ್ರತ್ಯೇಕವಾಗಿ ತೋರಿಸಿದಲ್ಲಿ ಆಯಾ ದರದಂತೆ ತೆರಿಗೆ ಎಂದು 8-6-2018ರ 47ನೇ ಸುತ್ತೋಲೆ ಸ್ಪಷ್ಟಪಡಿಸಿತ್ತು. 22-9-2025ರಿಂದ ಬಿಡಿಭಾಗಗಳ ಜಿಎಸ್‌ಟಿ 18 ಶೇಕಡಾಕ್ಕೆ ಇಳಿದುದರಿಂದ ದರದ ತಕರಾರು ಬಹುಮಟ್ಟಿಗೆ ಮುಗಿದಿದೆ. ಆದರೂ ಪ್ರತ್ಯೇಕ ನಮೂದು ಬಿಡಬೇಡಿ, ದಾಸ್ತಾನು ಮತ್ತು ವಾರಂಟಿಯ ಲೆಕ್ಕಕ್ಕೆ ಅದೇ ಆಧಾರ. ಉಚಿತ ಬದಲಾವಣೆಯ ಪ್ರಶ್ನೆ ಇದಕ್ಕಿಂತ ಸೂಕ್ಷ್ಮ. ವಾರಂಟಿ ಅವಧಿಯಲ್ಲಿ ತಯಾರಕರು ಹಣ ಪಡೆಯದೆ ಬದಲಿಸಿಕೊಡುವ ಭಾಗಕ್ಕೆ ತೆರಿಗೆಯಿಲ್ಲ, ಇನ್‌ಪುಟ್ ತೆರಿಗೆ ಜಮೆಯನ್ನು ಹಿಂದಿರುಗಿಸಬೇಕಿಲ್ಲ ಎಂದು 17-7-2023ರ 195ನೇ ಸುತ್ತೋಲೆ ಹೇಳುತ್ತದೆ. ಲಿಖಿತ ವಾರಂಟಿಯೇ ಇಲ್ಲದೆ, ಪರಿಚಯದ ಗಿರಾಕಿಯೆಂದು ಕೊಟ್ಟ ಮಾಲಿಗೆ ಈ ಆಸರೆ ಕೇಳುವುದು ಕಷ್ಟ. ಅದನ್ನು ಉಡುಗೊರೆಯೆಂದು ಭಾವಿಸಿ 17(5)ನೇ ಕಲಮಿನನ್ವಯ ಜಮೆ ಹಿಂದಿರುಗಿಸುವಂತೆ ಅಧಿಕಾರಿಗಳು ಕೇಳಬಹುದು. ನಮ್ಮ ಕಕ್ಷಿದಾರರ ಬಳಿ ಒಂದು ಸಾಲಿನ ವಾರಂಟಿ ಪತ್ರವೂ ಇರಲಿಲ್ಲ.

ಗಿರಾಕಿಯ ಪುಸ್ತಕದಲ್ಲಿ, ಸವೆದ ಸರಳಿಗೆ ಅದೇ ಬಗೆಯ ಸರಳು ಹಾಕಿದರೆ ಅದು ದುರಸ್ತಿ ವೆಚ್ಚ. ಇಲ್ಲದಿದ್ದುದನ್ನು ಹೊಸದಾಗಿ ಸೇರಿಸಿದರೆ ವಾಹನದ ಮೌಲ್ಯಕ್ಕೆ ಕೂಡಿಸಿ ಸವಕಳಿ ಪಡೆಯುವುದು ಯುಕ್ತ. ಮೋಟಾರು ವಾಹನ ಕಾಯ್ದೆಯ 52ನೇ ಕಲಮನ್ನೂ ಮರೆಯಬಾರದು. ತಯಾರಕರ ಮೂಲ ವಿವರಗಳಿಗೆ ವ್ಯತ್ಯಾಸ ತರುವ ಮಾರ್ಪಾಡು ಸಲ್ಲದೆಂದು ಸರ್ವೋಚ್ಚ ನ್ಯಾಯಾಲಯ 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಿಂದ ಬಂದ 182ಎ ಕಲಮಿನಡಿ ಅನುಮತಿಯಿಲ್ಲದ ಮಾರ್ಪಾಡಿಗೆ ಮಾಲೀಕನಿಗೆ ಆರು ತಿಂಗಳವರೆಗೆ ಸೆರೆವಾಸ, ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡೂ ಉಂಟು. ಸರಳಿನ ಜೊತೆ ಎತ್ತರಿಸುವಿಕೆ, ದೊಡ್ಡ ಟೈರುಗಳೂ ಸೇರುವಾಗ ಸಾರಿಗೆ ಕಚೇರಿ ಮತ್ತು ವಿಮಾ ಕಂಪನಿಯನ್ನು ಮೊದಲೇ ವಿಚಾರಿಸುವುದು ಒಳಿತು.

ನಮ್ಮ ಕಕ್ಷಿದಾರರು ಸರಬರಾಜುದಾರರನ್ನು ಬದಲಿಸಲಿಲ್ಲ. ಒಂದು ಟಾರ್ಕ್ ರೆಂಚ್ ಕೊಂಡರು, ಒಂದು ಜಾಬ್ ಕಾರ್ಡ್ ಅಚ್ಚು ಹಾಕಿಸಿದರು: ಎರಡೂ ಬದಿಯ ಎತ್ತರ, ಲಿಂಕಿನ ಉದ್ದ, ಬಳಸಿದ ರಂಧ್ರ, ಬಿಗಿದ ಟಾರ್ಕ್, ಮರುಬಿಗಿತದ ದಿನಾಂಕ, ಕೆಳಗೆ ಮೆಕ್ಯಾನಿಕ್ ಮತ್ತು ಗಿರಾಕಿಯ ಸಹಿ. ವಾರಂಟಿಯ ಷರತ್ತುಗಳು ಅದರ ಹಿಂಬದಿಯಲ್ಲಿವೆ. ಮರುವರ್ಷದ ಪರಿಶೋಧನೆಯಲ್ಲಿ ‘ಉಚಿತ ಬದಲಾವಣೆ’ ಖಾತೆ ಅರ್ಧ ಪುಟಕ್ಕೆ ಇಳಿದಿತ್ತು.