ಮಂಡ್ಯದ ಹಿತ್ತಲಲ್ಲಿ ತಿಳಿನೇರಳೆ ಗುಲಾಬಿ

ನರ್ಸರಿಯಿಂದ ತಂದ ದಿನ ಹೂವು ಕಣ್ಣು ಸೆಳೆಯುವ ತಿಳಿನೇರಳೆ. ಏಪ್ರಿಲ್ ಬರುವಷ್ಟರಲ್ಲಿ ಅದೇ ಗಿಡದಲ್ಲಿ ಬೂದುಬಿಳಿ ಹೂವು, ಅಂಚು ಸುಟ್ಟು ಕಂದು. ಗೊಬ್ಬರ ಸಾಲದೇನೋ ಎಂದು ಬುಡಕ್ಕೆ ಮತ್ತಷ್ಟು ಸುರಿದರೂ ಬಣ್ಣ ಮರಳುವುದಿಲ್ಲ. ಲ್ಯಾವೆಂಡರ್ ಬಣ್ಣದ ಹೈಬ್ರಿಡ್ ಟೀ ಗುಲಾಬಿ ಮಂಡ್ಯ, ಮದ್ದೂರು, ಮಳವಳ್ಳಿಗಳಲ್ಲಿ ಚೆನ್ನಾಗಿಯೇ ಬೆಳೆಯುತ್ತದೆ. ಆದರೆ ಇಲ್ಲಿ ಅದು ಚಳಿಗಾಲದ ಹೂವು. ಗಿಡ ಯಾವ ತಿಂಗಳಲ್ಲಿ ಹೂ ಬಿಡಬೇಕೆಂದು ಮೊದಲೇ ಗೊತ್ತುಮಾಡಿಕೊಂಡು, ಅದಕ್ಕೆ ತಕ್ಕಂತೆ ಕತ್ತರಿ ಹಿಡಿದವರಿಗೆ ಬಣ್ಣ ಸಿಗುತ್ತದೆ.

ಬಣ್ಣ ಏಕೆ ಮಾಸುತ್ತದೆ?

ಅನೇಕ ಹೂವುಗಳಿಗೆ ನೀಲಿ ಕೊಡುವ ಡೆಲ್ಫಿನಿಡಿನ್ ಎಂಬ ವರ್ಣದ್ರವ್ಯ ಗುಲಾಬಿಯಲ್ಲಿ ತಯಾರಾಗುವುದಿಲ್ಲ. ಅದಕ್ಕೆ ಬೇಕಾದ ಕಿಣ್ವವೇ ಈ ಗಿಡದಲ್ಲಿಲ್ಲ. ಜಪಾನಿನ ಸಂಟೋರಿ ಕಂಪನಿ ಪ್ಯಾನ್ಸಿ ಹೂವಿನ ಜೀನ್ ಸೇರಿಸಿದ ಗುಲಾಬಿಯನ್ನು 2004ರಲ್ಲಿ ಪ್ರಕಟಿಸಿ 2009ರಲ್ಲಿ ಮಾರಾಟಕ್ಕಿಟ್ಟಿತು. ಅದರ ಬಣ್ಣವೂ ಅಚ್ಚ ನೀಲಿಯಲ್ಲ, ತಿಳಿನೇರಳೆ. ಆದ್ದರಿಂದ ಆನ್‌ಲೈನಿನಲ್ಲಿ ಸಿಗುವ ‘ನೀಲಿ ಗುಲಾಬಿ ಬೀಜ’ದ ಪೊಟ್ಟಣಕ್ಕೆ ದುಡ್ಡು ಸುರಿಯಬೇಡಿ. ಹೈಬ್ರಿಡ್ ಟೀ ತಳಿಗಳು ಬೀಜದಿಂದ ತಾಯಿಗಿಡದಂತೆಯೇ ಬರುವುದಿಲ್ಲ. ಕಣ್ಣು ಕಸಿಯಿಂದಲೇ ಅವುಗಳ ಸಂತಾನ ಮುಂದುವರಿಯುತ್ತದೆ.

ಹಳೆಯ ಲ್ಯಾವೆಂಡರ್ ತಳಿಗಳಲ್ಲಿರುವುದು ಕೆಂಪು ಗುಲಾಬಿಯಲ್ಲಿರುವ ಸಯನಿಡಿನ್ನೇ. ಅದು ಕಡಿಮೆ ಪ್ರಮಾಣದಲ್ಲಿದ್ದು, ಎಸಳಿನಲ್ಲಿರುವ ಬೇರೆ ಸಂಯುಕ್ತಗಳ ಜೊತೆ ಸೇರಿ ನೇರಳೆ ಛಾಯೆ ಕೊಡುತ್ತದೆ. ಸೆಕೆ ಹೆಚ್ಚಿದಂತೆ ಗಿಡ ಈ ವರ್ಣದ್ರವ್ಯವನ್ನು ಕಡಿಮೆ ತಯಾರಿಸುತ್ತದೆ. ಕಡುಗೆಂಪು ಗುಲಾಬಿಯಲ್ಲಿ ಈ ಕೊರತೆ ಅಷ್ಟಾಗಿ ಕಾಣುವುದಿಲ್ಲ. ಮೊದಲೇ ತಿಳಿಯಾಗಿರುವ ಹೂವಿನಲ್ಲಿ ಎದ್ದು ಕಾಣುತ್ತದೆ. ಸಮುದ್ರಮಟ್ಟದಿಂದ ಸುಮಾರು 600ರಿಂದ 700 ಮೀಟರ್ ಎತ್ತರದಲ್ಲಿರುವ ಈ ಮೂರೂ ಊರುಗಳಲ್ಲಿ ಡಿಸೆಂಬರ್, ಜನವರಿಯ ರಾತ್ರಿಗಳು ತಂಪು. ಆ ಎರಡು ತಿಂಗಳು ಈ ಬಣ್ಣಕ್ಕೆ ಹೇಳಿ ಮಾಡಿಸಿದ ಕಾಲ.

1. ತಳಿ ಮತ್ತು ಸಸಿಯ ಆಯ್ಕೆ

ಅಮೆರಿಕದ ಗ್ಲಾಡಿಸ್ ಫಿಶರ್ 1957ರಲ್ಲಿ ಹೊರತಂದ ‘ಸ್ಟರ್ಲಿಂಗ್ ಸಿಲ್ವರ್’ ಈ ಬಣ್ಣಕ್ಕೆ ಹೆಸರು ತಂದ ತಳಿ. ಹೂವು ಸೊಗಸು, ಪರಿಮಳವೂ ಇದೆ, ಆದರೆ ಗಿಡಕ್ಕೆ ಕಸುವು ಸಾಲದು. ಮೊದಲ ಸಲ ಬೆಳೆಸುವವರಿಗೆ ಜರ್ಮನಿಯ ಟಾಂಟೌ ಸಂಸ್ಥೆಯ ‘ಬ್ಲೂ ಮೂನ್’ (1964) ಒಳ್ಳೆಯದು. ಕಾಂಡ ನೀಳ, ಮುಳ್ಳು ಕಡಿಮೆ, ಪರಿಮಳ ಗಾಢ. ಎಸಳಿನ ಅಂಚಿಗೆ ಕೆಂಪು ಹಾಯುವ ‘ಪ್ಯಾರಡೈಸ್’ (1978) ಬಣ್ಣದ ಬೆರಕೆ ಇಷ್ಟಪಡುವವರಿಗೆ.

ನರ್ಸರಿಯಲ್ಲಿ ಹೂವಿಗಿಂತ ಮೊದಲು ಬುಡ ನೋಡಿ. ಕಸಿಯ ಗಂಟು ಸ್ಪಷ್ಟವಾಗಿ ಕಾಣಬೇಕು, ಅದರ ಮೇಲೆ ಕನಿಷ್ಠ ಎರಡು ಹಸಿರು ಕೊಂಬೆಗಳಿರಬೇಕು. ಕೊಂಬೆಯ ತುದಿ ಕಪ್ಪಾಗಿ ಕೆಳಕ್ಕೆ ಒಣಗುತ್ತಿದ್ದರೆ ಆ ಸಸಿ ಬೇಡ.

2. ಜಾಗ

ಮನೆಯ ಪೂರ್ವದ ಬದಿ ಎಲ್ಲಕ್ಕಿಂತ ಉತ್ತಮ. ಬೆಳಗಿನಿಂದ ಐದಾರು ಗಂಟೆ ನೇರ ಬಿಸಿಲು ಬಿದ್ದು, ಮಧ್ಯಾಹ್ನದ ಹೊತ್ತಿಗೆ ಗೋಡೆಯ ನೆರಳು ಬರಬೇಕು. ಪಶ್ಚಿಮದ ಕಾಂಪೌಂಡ್ ಗೋಡೆಗೆ ಒತ್ತಿ ನೆಟ್ಟರೆ ಸಂಜೆಯವರೆಗೂ ಗೋಡೆಯ ಕಾವು ಎಸಳಿಗೆ ತಟ್ಟುತ್ತದೆ. ತೆಂಗಿನ ಮರದ ಬುಡವೂ ಬೇಡ. ಅದರ ಬೇರು ನೀರು, ಗೊಬ್ಬರ ಎರಡನ್ನೂ ಕಸಿಯುತ್ತದೆ.

3. ಮಣ್ಣು: ಮೊದಲು ಚೌಳು ನೋಡಿ

ಗುಲಾಬಿಗೆ ಹಿಡಿಸುವುದು ರಸಸಾರ 6ರಿಂದ 6.8ರವರೆಗಿನ, ತುಸು ಹುಳಿ ಮಣ್ಣು. ನಾಲೆಯಿಂದ ದೂರದ ಕೆಂಪು ಮರಳುಮಿಶ್ರಿತ ಮಣ್ಣು ಇದಕ್ಕೆ ಹತ್ತಿರ. ವಿಶ್ವೇಶ್ವರಯ್ಯ ನಾಲೆಯ ಅಚ್ಚುಕಟ್ಟಿನಲ್ಲಿ ಮಾತು ಬೇರೆ. ದಶಕಗಳಿಂದ ಭತ್ತ, ಕಬ್ಬಿಗೆ ನೀರು ನಿಂತ ತಗ್ಗು ಜಾಗಗಳಲ್ಲಿ ಮಣ್ಣು ಚೌಳಾಗಿರಬಹುದು. ಅಂಥ ಗದ್ದೆ ಬಯಲಿನಲ್ಲಿ ಎದ್ದ ಬಡಾವಣೆಯ ಹಿತ್ತಲಿಗೂ ಅದೇ ಮಣ್ಣು ಬಂದಿರುತ್ತದೆ. ಬೇಸಿಗೆಯಲ್ಲಿ ನೆಲದ ಮೇಲೆ ಬಿಳಿ ಪದರ ಕಂಡರೆ, ಹೊಸ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿದರೆ ಅನುಮಾನಪಡಿ. ಎಲೆಯ ಆ ಲಕ್ಷಣ ಕಬ್ಬಿಣದ ಕೊರತೆಯದು. ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಕ್ಷಾರದಿಂದಾಗಿ ಬೇರಿಗೆ ಸಿಗುತ್ತಿರುವುದಿಲ್ಲ. ಮಂಡ್ಯದ ವಿ.ಸಿ. ಫಾರಂನಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. ಮಣ್ಣು ಪರೀಕ್ಷೆಯ ಬಗ್ಗೆ ಅಲ್ಲಿ ವಿಚಾರಿಸಿ, ಜಿಪ್ಸಂ ಬೇಕೋ ಬೇಡವೋ ತಿಳಿದುಕೊಂಡೇ ಮುಂದುವರಿಯಿರಿ.

ಇಲ್ಲೊಂದು ಎಚ್ಚರಿಕೆ. ಆಲೆಮನೆಯ ಬೂದಿ ಸುಲಭವಾಗಿ ಸಿಗುತ್ತದೆಂದು ಗುಲಾಬಿಯ ಬುಡಕ್ಕೆ ಹಾಕುವುದುಂಟು. ಬೂದಿ ಕ್ಷಾರ. ಚೌಳು ಮಣ್ಣಿಗೆ ಅದನ್ನು ಬೆರೆಸಿದರೆ ತೊಂದರೆ ಇಮ್ಮಡಿಸುತ್ತದೆ.

4. ನೆಡುವುದು

ಜೂನ್, ಜುಲೈ ಅಥವಾ ಸೆಪ್ಟೆಂಬರ್ ಸೂಕ್ತ. ಒಂದೂವರೆ ಅಡಿ ಉದ್ದ, ಅಗಲ, ಆಳದ ಗುಂಡಿ ತೋಡಿ ಒಂದು ವಾರ ಬಿಸಿಲಿಗೆ ಬಿಡಿ. ಮೇಲ್ಮಣ್ಣಿಗೆ 8ರಿಂದ 10 ಕಿಲೊ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, 200 ಗ್ರಾಂ ಬೇವಿನ ಹಿಂಡಿ, 100 ಗ್ರಾಂ ಮೂಳೆಹುಡಿ ಬೆರೆಸಿ ತುಂಬಿ. ಕಸಿಯ ಗಂಟು ನೆಲದಿಂದ ಎರಡು ಬೆರಳು ಮೇಲಿರಲಿ. ಗಿಡದಿಂದ ಗಿಡಕ್ಕೆ ಎರಡೂವರೆ ಅಡಿ ಬಿಡಿ. ಗಾಳಿಯಾಡಿದರೆ ರೋಗ ಕಡಿಮೆ.

ನಾಲೆಯಲ್ಲಿ ನೀರು ಹರಿಯುವಾಗ ಹಿತ್ತಲಿನ ತೇವ ಮೇಲೇರುವ ಕಡೆ ನೆಲದಲ್ಲಿ ಗುಂಡಿ ಬೇಡ. ಮುಕ್ಕಾಲು ಅಡಿ ಎತ್ತರದ ಮಡಿ ಕಟ್ಟಿ, ಇಲ್ಲವೇ 12ರಿಂದ 14 ಅಂಗುಲದ ಕುಂಡದಲ್ಲಿ ಬೆಳೆಸಿ. ಕುಂಡಕ್ಕೆ ಕೆಂಪು ಮಣ್ಣು, ಗೊಬ್ಬರ ಸಮಪಾಲು. ಜೊತೆಗೆ ಅರ್ಧ ಪಾಲು ತೆಂಗಿನ ನಾರಿನ ಪುಡಿ. ನಾರಿನ ಪುಡಿಯಲ್ಲಿ ಉಪ್ಪಿನಂಶವಿರುವುದರಿಂದ ಎರಡು ಮೂರು ಸಲ ನೀರಿನಲ್ಲಿ ನೆನೆಸಿ ಹಿಂಡಿದ ಮೇಲೆಯೇ ಬಳಸಿ.

5. ನೀರು ಮತ್ತು ಹೊದಿಕೆ

ಬೆಳಿಗ್ಗೆ ಬುಡಕ್ಕೆ ಮಾತ್ರ ನೀರು. ಎಲೆ ಏಳೆಂಟು ಗಂಟೆ ಒದ್ದೆಯಾಗಿದ್ದರೆ ಕಪ್ಪು ಚುಕ್ಕೆ ರೋಗದ ಶಿಲೀಂಧ್ರ ಮೊಳೆಯಲು ಅಷ್ಟೇ ಸಾಕು. ಕೊಳವೆಬಾವಿಯ ಗಡಸು ನೀರು ಕುಂಡದ ಅಂಚಿನಲ್ಲಿ ಬಿಳಿಗಟ್ಟುತ್ತಿದ್ದರೆ, ಮಳೆನೀರು ಹಿಡಿದಿಟ್ಟು ತಿಂಗಳಿಗೊಮ್ಮೆ ಅಡಿಯ ತೂತಿನಿಂದ ಧಾರಾಳವಾಗಿ ಹರಿಯುವಷ್ಟು ಹಾಯಿಸಿ. ಬುಡಕ್ಕೆ ಕಬ್ಬಿನ ತರಗು ಎರಡು ಅಂಗುಲ ಹೊದಿಸಿದರೆ ತೇವ ಉಳಿಯುತ್ತದೆ, ಬೇರು ತಂಪಾಗಿರುತ್ತದೆ. ತರಗು ಕಾಂಡಕ್ಕೆ ತಾಗದಿರಲಿ, ಗೆದ್ದಲು ಹತ್ತೀತು.

6. ಸವರುವುದು: ಎಲ್ಲ ಇಲ್ಲೇ ಇದೆ

ಜಿಲ್ಲೆಯಲ್ಲಿ ಜೋರು ಮಳೆ ಸೆಪ್ಟೆಂಬರ್, ಅಕ್ಟೋಬರ್‌ನದು. ಅದು ಇಳಿಮುಖವಾಗುವ ಅಕ್ಟೋಬರ್ ಕೊನೆಯ ವಾರ ಕತ್ತರಿ ಹಿಡಿಯಿರಿ. ಸವರಿದ ಆರರಿಂದ ಎಂಟು ವಾರಕ್ಕೆ ಹೈಬ್ರಿಡ್ ಟೀ ಹೂ ಬಿಡುವುದರಿಂದ ಡಿಸೆಂಬರ್ ನಡುವಿಗೆ ಮೊದಲ ಮೊಗ್ಗು ಬಿರಿಯುತ್ತದೆ. ಸಂಕ್ರಾಂತಿಗೇ ಹೂವು ಬೇಕಿದ್ದರೆ ನವೆಂಬರ್ 20ರ ಸುಮಾರಿಗೆ ಸವರಿ. ಎರಡು ಗಿಡವಿದ್ದರೆ ಒಂದನ್ನು ಅಕ್ಟೋಬರ್‌ನಲ್ಲಿ, ಇನ್ನೊಂದನ್ನು ನವೆಂಬರ್‌ನಲ್ಲಿ ಸವರಿದರೆ ಚಳಿಗಾಲ ಪೂರ್ತಿ ಹೂವು.

ಮೊದಲು ಒಣಗಿದ, ಒಂದಕ್ಕೊಂದು ಉಜ್ಜುವ, ಪೆನ್ಸಿಲ್‌ಗಿಂತ ಸಣ್ಣ ಕೊಂಬೆಗಳನ್ನು ತೆಗೆಯಿರಿ. ಗಟ್ಟಿಮುಟ್ಟಾದ ನಾಲ್ಕೈದು ಕೊಂಬೆ ಉಳಿಸಿ ಒಂದೂವರೆ ಅಡಿ ಎತ್ತರಕ್ಕೆ ಕತ್ತರಿಸಿ. ಕತ್ತರಿ ಬೀಳಬೇಕಾದದ್ದು ಹೊರಮುಖ ನೋಡುವ ಕಣ್ಣಿನ ಕಾಲಂಗುಲ ಮೇಲೆ, ತುಸು ಓರೆಯಾಗಿ. ಕತ್ತರಿಸಿದ ತುದಿಗೆ ಕಾಪರ್ ಆಕ್ಸಿಕ್ಲೋರೈಡ್ ಮುಲಾಮು ಹಚ್ಚಿದರೆ ತುದಿ ಒಣಗುವ ರೋಗಕ್ಕೆ ತಡೆ. ಕಸಿಯ ಗಂಟಿನ ಕೆಳಗಿನಿಂದ ಚಿಗುರು ಎದ್ದಿದ್ದರೆ ಅದು ಬೇರುಗಿಡದ್ದು; ಮಣ್ಣು ಸರಿಸಿ ಹುಟ್ಟಿದ ಜಾಗದಿಂದಲೇ ಕಿತ್ತುಹಾಕಿ. ಬಿಟ್ಟರೆ ಒಂದೆರಡು ವರ್ಷದಲ್ಲಿ ಕಸಿ ಸೊರಗಿ ಬೇರುಗಿಡವೇ ಉಳಿಯುತ್ತದೆ.

7. ಗೊಬ್ಬರ ಮತ್ತು ಮೊಗ್ಗು ಚಿವುಟುವುದು

ಸವರಿದ ಎರಡು ವಾರಕ್ಕೆ ಕೆಂಪು ಚಿಗುರು ಕಾಣುತ್ತದೆ. ಕಡಲೆಕಾಯಿ ಹಿಂಡಿ, ಬೇವಿನ ಹಿಂಡಿಗಳನ್ನು ಮೂರು ನಾಲ್ಕು ದಿನ ನೆನೆಸಿ, ತಿಳಿಯನ್ನು ಹತ್ತು ಪಟ್ಟು ನೀರಿಗೆ ಬೆರೆಸಿ ಹದಿನೈದು ದಿನಕ್ಕೊಮ್ಮೆ ಬುಡಕ್ಕೆ ಹಾಕಿ. ಮೊಗ್ಗು ಬಣ್ಣ ತೋರಿದೊಡನೆ ನಿಲ್ಲಿಸಿ. ಯೂರಿಯಾ ಬೇಡ; ಎಲೆ ಸೊಕ್ಕಿ ಕಾಂಡ ಮೆದುವಾಗುತ್ತದೆ, ಬೂದಿ ರೋಗಕ್ಕೂ ದಾರಿಯಾಗುತ್ತದೆ. ತುದಿಯ ಮೊಗ್ಗು ಬಟಾಣಿ ಗಾತ್ರಕ್ಕೆ ಬಂದಾಗ ಅದರ ಪಕ್ಕದ ಸಣ್ಣ ಮೊಗ್ಗುಗಳನ್ನು ಚಿವುಟಿದರೆ ಒಂದು ಕಾಂಡಕ್ಕೆ ಒಂದೇ ದೊಡ್ಡ ಹೂವು.

8. ಕೀಟ, ರೋಗ

ತಿಳಿಬಣ್ಣದ ಗುಲಾಬಿಗೆ ಥ್ರಿಪ್ಸ್ ಕಾಟ ಹೆಚ್ಚು. ಮೊಗ್ಗಿನೊಳಗೆ ಸೇರಿ ರಸ ಹೀರುವ ಈ ಕೀಟದಿಂದ ಎಸಳಿನ ಅಂಚು ಕಂದಾಗುತ್ತದೆ, ಬಿಸಿಲಿಗೆ ಸುಟ್ಟಂತೆಯೇ ಕಾಣುತ್ತದೆ. ಎಸಳು ಬಿಡಿಸಿ ಬಿಳಿ ಹಾಳೆಯ ಮೇಲೆ ಕೊಡವಿದರೆ ಸಣ್ಣ ಗೆರೆಯಂಥ ಹುಳು ಓಡಾಡುತ್ತವೆ. ಕೆಟ್ಟ ಹೂವು ಕಿತ್ತು ದೂರ ಎಸೆಯಿರಿ. ಮೊಗ್ಗು ಮೂಡುವ ಹಂತದಿಂದಲೇ ವಾರಕ್ಕೊಮ್ಮೆ ಸಂಜೆ, ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆ ಮತ್ತು ಸ್ವಲ್ಪ ಸೋಪಿನ ದ್ರಾವಣ ಬೆರೆಸಿ ಸಿಂಪಡಿಸಿ. ಕಪ್ಪು ಚುಕ್ಕೆಗೆ ಲೀಟರಿಗೆ 2 ಗ್ರಾಂ ಮ್ಯಾಂಕೋಜೆಬ್ ಸಾಕು. ಉದುರಿದ ಎಲೆಯನ್ನು ಗೊಬ್ಬರದ ಗುಂಡಿಗೆ ಹಾಕದೆ ಸುಡಿ. ಚಳಿಯಲ್ಲಿ ಎಲೆಯ ಮೇಲೆ ಬೂದಿ ಕಂಡರೆ ಲೀಟರಿಗೆ 2 ಗ್ರಾಂ ನೀರಿನಲ್ಲಿ ಕರಗುವ ಗಂಧಕ.

9. ಕೊಯ್ಲು, ಆಮೇಲೆ ಬೇಸಿಗೆ

ಹೊರಗಿನ ಒಂದೆರಡು ಎಸಳು ಬಿಚ್ಚಿಕೊಳ್ಳುತ್ತಿರುವಾಗ, ಬಿಸಿಲೇರುವ ಮೊದಲು ಕೊಯ್ದು ತಕ್ಷಣ ನೀರಿಗಿಡಿ. ಐದೆಲೆಯ ಜೊಂಪೆಯ ಮೇಲೆ ಕತ್ತರಿಸಿದರೆ ಅಲ್ಲಿಂದ ಹೊಸ ಕಾಂಡ ಎದ್ದು ಫೆಬ್ರವರಿಯಲ್ಲಿ ಇನ್ನೊಂದು ಸುತ್ತು ಹೂವು ಸಿಗುತ್ತದೆ.

ಮಾರ್ಚ್‌ನಿಂದ ಗಿಡದ ಮೇಲೆ ಶೇ 50ರ ನೆರಳು ಬಲೆ ಕಟ್ಟಿ. ಏಪ್ರಿಲ್, ಮೇ ತಿಂಗಳ ಮೊಗ್ಗುಗಳನ್ನು ಹುಟ್ಟಿದಂತೆಲ್ಲ ಚಿವುಟಿಬಿಡಿ. ಆ ಕಾವಿನಲ್ಲಿ ಅರಳಿದರೂ ಬಣ್ಣ ಬರುವುದಿಲ್ಲ, ಗಿಡದ ಕಸುವು ಮಾತ್ರ ಸೋರುತ್ತದೆ. ಜೂನ್ ಮಳೆ ಬಿದ್ದ ಮೇಲೆ ತುದಿಗಳನ್ನಷ್ಟೇ ಹಗುರಾಗಿ ಸವರಿ ಒಂದು ಬುಟ್ಟಿ ಕೊಟ್ಟಿಗೆ ಗೊಬ್ಬರ ಕೊಟ್ಟರೆ, ಅಕ್ಟೋಬರ್‌ನ ದೊಡ್ಡ ಸವರುವಿಕೆಗೆ ಬೇಕಾದ ಗಟ್ಟಿ ಕೊಂಬೆಗಳು ಅಷ್ಟರಲ್ಲಿ ಬೆಳೆದಿರುತ್ತವೆ.