ಹೊಸ ನಕ್ಷೆ, ಹಳೆಯ ಆವೃತ್ತಿ: ಕಡತ ತೆರೆದರೆ ಸಾಲದು

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಗಳಲ್ಲಿ ಹೊಸೂರಿನ ಸಿಪ್ಕಾಟ್ ಕೈಗಾರಿಕಾ ಪ್ರದೇಶವನ್ನು ನಂಬಿ ಬದುಕು ಕಟ್ಟಿಕೊಂಡವರು ಬಹು ಮಂದಿ. ಕೆಲವರು ದೊಡ್ಡ ಕಾರ್ಖಾನೆಗಳ ವಿನ್ಯಾಸ ವಿಭಾಗಗಳಲ್ಲಿದ್ದಾರೆ. ಕೆಲವರು ಶೀಟಿನ ಮಾಡಿನ ಕೆಳಗೆ ಎರಡು ಲೇತ್, ಒಂದು ಮಿಲ್ಲಿಂಗ್ ಯಂತ್ರ ಇಟ್ಟುಕೊಂಡು ಜಾಬ್ ವರ್ಕ್ ಮಾಡುತ್ತಾರೆ. ಇವರಿಬ್ಬರ ನಡುವೆ ದಿನನಿತ್ಯ ಓಡಾಡುವುದು ಗಣಕಯಂತ್ರದಲ್ಲಿ ಬರೆದ ನಕ್ಷೆ. ಕಳುಹಿಸುವವರಲ್ಲಿ ತಂತ್ರಾಂಶದ ಹೊಸ ಆವೃತ್ತಿ ಇರುತ್ತದೆ, ಪಡೆಯುವವರಲ್ಲಿ ಎಷ್ಟೋ ವರ್ಷಗಳ ಹಿಂದಿನದು. ಸುವರ್ಣ ಮಹೋತ್ಸವದ ಈ ಸಂಚಿಕೆಗೆ ಲೇಖನ ಬೇಕೆಂದು ಸಂಪಾದಕ ಸಮಿತಿಯವರು ಕೇಳಿದಾಗ, ಶಾಲೆಯ ನೆನಪುಗಳನ್ನು ನನಗಿಂತ ಚೆನ್ನಾಗಿ ಬರೆಯುವವರಿದ್ದಾರೆ, ನಾನು ಕೆಲಸಕ್ಕೆ ಬರುವ ಒಂದು ಪಾಠ ಬರೆದುಕೊಡುತ್ತೇನೆ ಎಂದು ಒಪ್ಪಿಕೊಂಡೆ. ಈ ಪಾಠವನ್ನು ನಾನು ಕಲಿತದ್ದು ನನ್ನದೇ ತಪ್ಪಿನಿಂದ. ಅದಕ್ಕೆ ಬೆಲೆ ತೆತ್ತವನು ಮಾತ್ರ ಬೇರೊಬ್ಬ.

ಶಾಲೆಯಲ್ಲಿ ನನಗಿಂತ ಎರಡು ತರಗತಿ ಕೆಳಗಿದ್ದ ಗೆಳೆಯನೊಬ್ಬ ಬಳಸಿದ ಲೇಸರ್ ಯಂತ್ರವೊಂದನ್ನು ಸಾಲ ಮಾಡಿ ಕೊಂಡು ತಗಡು ಕತ್ತರಿಸುವ ಉದ್ಯೋಗ ಆರಂಭಿಸಿದ್ದ. ಆ ಯಂತ್ರದೊಡನೆ ಬಂದ ಗಣಕಯಂತ್ರ ಹಳೆಯ ಮಾದರಿಯ ಒಂದೇ ಬಗೆಯ ಕಡತವನ್ನು ಓದುತ್ತಿತ್ತು. ನಾನು 3 ಮಿಲಿಮೀಟರ್ ದಪ್ಪದ ಸ್ಟೇನ್‌ಲೆಸ್ ಸ್ಟೀಲ್ ಮುಚ್ಚಳವೊಂದರ ನಕ್ಷೆಯನ್ನು ಆ ಹಳೆಯ ರೂಪಕ್ಕೆ ಇಳಿಸಿ ಕಳುಹಿಸಿದೆ. ಕಡತ ತೆರೆಯಿತು. ಆತ ರಂಧ್ರಗಳ ವ್ಯಾಸ, ಅವುಗಳ ನಡುವಣ ಅಂತರ ಎಲ್ಲವನ್ನೂ ಅಳೆದು, ಸರಿಯಿದೆಯೆಂದು ಕಂಡು 40 ಮುಚ್ಚಳಗಳನ್ನು ಕತ್ತರಿಸಿದ. ಗಿರಾಕಿಯವರು ಅಷ್ಟನ್ನೂ ಹಿಂದಿರುಗಿಸಿದರು. ಮುಚ್ಚಳದ ಬಾಗಿದ ಅಂಚು ಬಾಗಿರಲಿಲ್ಲ. ಚಿಕ್ಕಚಿಕ್ಕ ನೇರ ತುಂಡುಗಳನ್ನು ಜೋಡಿಸಿದಂತಿತ್ತು. ಬೆರಳಾಡಿಸಿದರೆ ಮೂಲೆಗಳು ಒಂದೊಂದಾಗಿ ತಾಗುತ್ತಿದ್ದವು. “ಫೈಲ್ ತೆರೆದುಕೊಂಡಿತಲ್ಲ ಅಣ್ಣಾ, ಅದಕ್ಕೇ ಎಲ್ಲಾ ಸರಿಯಾಗೇ ಇದೆ ಅಂದುಕೊಂಡೆ” ಎಂದ. ನಾನೂ ಹಾಗೆಯೇ ಅಂದುಕೊಂಡಿದ್ದೆ. ತಗಡಿನ ಹಣವನ್ನು ಕೊಡಲು ಹೋದರೆ ಆತ ತೆಗೆದುಕೊಳ್ಳಲಿಲ್ಲ.

ಹೀಗೇಕಾಯಿತೆಂದು ತಿಳಿಯಲು ಸ್ವಲ್ಪ ಹಿಂದೆ ಹೋಗಬೇಕು. ಆಟೋಡೆಸ್ಕ್ ಸಂಸ್ಥೆ ಆಟೋಕ್ಯಾಡ್ ತಂತ್ರಾಂಶವನ್ನು ಮೊದಲು ಹೊರತಂದದ್ದು 1982ರ ಡಿಸೆಂಬರಿನಲ್ಲಿ. ಅದರ ಸ್ವಂತ ಕಡತಕ್ಕೆ ಡಿಡಬ್ಲ್ಯೂಜಿ ಎಂದು ಹೆಸರು. ತಂತ್ರಾಂಶಕ್ಕೆ ಹೊಸ ಸಾಮರ್ಥ್ಯಗಳು ಸೇರಿದಂತೆಲ್ಲ ಕಡತದ ಒಳರಚನೆಯೂ ಬದಲಾಗುತ್ತ ಬಂದಿತು. ಪ್ರತಿ ಕಡತದ ಮೊದಲ ಆರು ಅಕ್ಷರಗಳು ಅದರ ಕುಲಗೋತ್ರವನ್ನು ಹೇಳುತ್ತವೆ. ನೋಟ್‌ಪ್ಯಾಡಿನಲ್ಲಿ ತೆರೆದರೆ ಉಳಿದದ್ದೆಲ್ಲ ಅರ್ಥವಾಗದ ಚಿಹ್ನೆಗಳಾಗಿ ಕಂಡರೂ ಆ ಆರು ಅಕ್ಷರಗಳು ಸ್ಪಷ್ಟವಾಗಿ ಓದಲು ಸಿಗುತ್ತವೆ. ಎಸಿ1009 ಎಂದಿದ್ದರೆ ಅದು 11 ಅಥವಾ 12ನೆಯ ಆವೃತ್ತಿಯದು. ಎಸಿ1015 ಎಂದಿದ್ದರೆ 2000ದ ರೂಪ. ಎಸಿ1021 ಎಂದರೆ 2007ರದು. ಎಸಿ1027 ಎಂದರೆ 2013ರದು. ಎಸಿ1032 ಎಂದರೆ 2018ರದು. ವರ್ಷಕ್ಕೊಂದು ಆವೃತ್ತಿ ಬಂದರೂ ರೂಪ ಪ್ರತಿವರ್ಷ ಬದಲಾಗುವುದಿಲ್ಲ. 2013ರಿಂದ 2017ರವರೆಗಿನ ಐದೂ ಆವೃತ್ತಿಗಳದು ಒಂದೇ ರೂಪ. ಹೊಸ ಆವೃತ್ತಿ ಹಳೆಯ ಕಡತವನ್ನು ಓದಬಲ್ಲದು, ಹಳೆಯ ಆವೃತ್ತಿ ಹೊಸದನ್ನು ಓದಲಾರದು. ಕಡತ ತೆರೆಯಲಿಲ್ಲವೆಂದು ಯಾರಾದರೂ ಫೋನ್ ಮಾಡಿದರೆ ಮೊದಲು ಈ ಆರು ಅಕ್ಷರಗಳನ್ನು ಓದಿ ಹೇಳುವಂತೆ ಕೇಳುವುದು ನನ್ನ ರೂಢಿ.

ಡಿಡಬ್ಲ್ಯೂಜಿಯ ಜೊತೆಜೊತೆಗೇ, ಬೇರೆ ತಂತ್ರಾಂಶಗಳೊಡನೆ ನಕ್ಷೆಯನ್ನು ವಿನಿಮಯ ಮಾಡಿಕೊಳ್ಳಲೆಂದು ಡಿಎಕ್ಸ್‌ಎಫ್ ಎಂಬ ರೂಪವೂ ಹುಟ್ಟಿತು. ಇದು ಸಾಮಾನ್ಯವಾಗಿ ಬರಿಯ ಪಠ್ಯ. ಒಂದು ಸಾಲಿನಲ್ಲಿ ಸಂಕೇತ ಸಂಖ್ಯೆ, ಮರುಸಾಲಿನಲ್ಲಿ ಅದರ ಬೆಲೆ. 8ರ ಕೆಳಗೆ ಗೆರೆ ಯಾವ ಪದರದಲ್ಲಿದೆಯೆಂಬುದು, 10 ಮತ್ತು 20ರ ಕೆಳಗೆ ಅದರ ಆರಂಭ ಬಿಂದು, 11 ಮತ್ತು 21ರ ಕೆಳಗೆ ಕೊನೆಯ ಬಿಂದು. ವೃತ್ತವಾದರೆ 40ರ ಕೆಳಗೆ ತ್ರಿಜ್ಯ. ಇಷ್ಟು ಸರಳವಾದುದರಿಂದಲೇ ಕತ್ತರಿಸುವ ಯಂತ್ರಗಳ ತಯಾರಕರು ಇದನ್ನು, ಅದರಲ್ಲೂ 1992ರಲ್ಲಿ ಬಂದ 12ನೆಯ ಆವೃತ್ತಿಯ ಡಿಎಕ್ಸ್‌ಎಫ್ ರೂಪವನ್ನು, ಬಿಡದೆ ಹಿಡಿದುಕೊಂಡರು.

ತೊಡಕು ಇರುವುದು ಇಲ್ಲಿಯೇ. 12ನೆಯ ಆವೃತ್ತಿಗೆ ಗೆರೆ, ವೃತ್ತ, ಕಂಸ, ಪಾಲಿಲೈನ್ ಗೊತ್ತಿದ್ದವು. ನಿಜವಾದ ದೀರ್ಘವೃತ್ತವಾಗಲಿ ಸ್ಪ್ಲೈನ್ ಎಂಬ ಮುಕ್ತ ವಕ್ರರೇಖೆಯಾಗಲಿ ಗೊತ್ತಿರಲಿಲ್ಲ. ಅವು ಸೇರಿದ್ದು 13ನೆಯ ಆವೃತ್ತಿಯಲ್ಲಿ. ಆದ್ದರಿಂದ ನಕ್ಷೆಯನ್ನು 12ಕ್ಕೆ ಇಳಿಸುವಾಗ ತಂತ್ರಾಂಶ ಸ್ಪ್ಲೈನನ್ನು ತುಂಡುತುಂಡಾದ ಪಾಲಿಲೈನಾಗಿ ಮಾರ್ಪಡಿಸುತ್ತದೆ. ಪರದೆಯ ಮೇಲೆ ಅದು ವಕ್ರವಾಗಿಯೇ ಕಾಣುತ್ತದೆ. ನನ್ನ ಗೆಳೆಯ ಅಳೆದದ್ದು ರಂಧ್ರಗಳನ್ನು; ಅವು ವೃತ್ತಗಳಾದುದರಿಂದ ಕೂದಲೆಳೆಯಷ್ಟೂ ಬದಲಾಗಿರಲಿಲ್ಲ. ಬದಲಾಗುವ ಭಾಗ ಯಾವುದೆಂದು ತಿಳಿದಿದ್ದವನು ನಾನು. ಅದನ್ನು ಅಳೆಯಲು ನಾನು ಹೇಳಲಿಲ್ಲ.

ತಪ್ಪಿನ ಪ್ರಮಾಣವನ್ನು ಲೆಕ್ಕ ಹಾಕುವುದು ಕಷ್ಟವಲ್ಲ. ಎಂಟನೆಯ ತರಗತಿಯಲ್ಲಿ ಜ್ಯಾ, ಕಂಸ ಎಂದು ಕಪ್ಪುಹಲಗೆಯ ಮೇಲೆ ಕಲಿತದ್ದೇ ಇಲ್ಲಿ ಸಾಕು. ತುಂಡಿನ ಉದ್ದವನ್ನು ವರ್ಗ ಮಾಡಿ, ತ್ರಿಜ್ಯದ ಎಂಟರಷ್ಟರಿಂದ ಭಾಗಿಸಿದರೆ ಕಂಸಕ್ಕೂ ತುಂಡಿಗೂ ನಡುವಣ ಅತಿ ಹೆಚ್ಚಿನ ಅಂತರ ಸರಿಸುಮಾರಾಗಿ ದೊರೆಯುತ್ತದೆ. ತ್ರಿಜ್ಯ 150 ಮಿಲಿಮೀಟರ್, ತುಂಡು 12 ಮಿಲಿಮೀಟರ್ ಆದರೆ 144ನ್ನು 1200ರಿಂದ ಭಾಗಿಸಬೇಕು: 0.12 ಮಿಲಿಮೀಟರ್. ತುಂಡನ್ನು 3 ಮಿಲಿಮೀಟರಿಗೆ ಇಳಿಸಿದರೆ 0.0075. ತುಂಡು ನಾಲ್ಕನೆಯ ಒಂದು ಭಾಗವಾದರೆ ತಪ್ಪು ಹದಿನಾರನೆಯ ಒಂದು ಭಾಗ. ಇದಕ್ಕಿಂತ ಒಳ್ಳೆಯ ದಾರಿಯೆಂದರೆ ಇಳಿಸುವ ಮೊದಲೇ ಸ್ಪ್ಲೈನನ್ನು ಕಂಸಗಳಿಂದಾದ ಪಾಲಿಲೈನಾಗಿ ನಾವೇ ಬದಲಿಸಿಕೊಳ್ಳುವುದು. 2010ರಿಂದೀಚಿನ ಆಟೋಕ್ಯಾಡಿನಲ್ಲಿ ‘ಪಿಲೈನ್‌ಕನ್ವರ್ಟ್‌ಮೋಡ್’ ಎಂಬುದನ್ನು 1ಕ್ಕೆ ಇಟ್ಟು, ‘ಸ್ಪ್ಲೈನೆಡಿಟ್’ ಆದೇಶದಲ್ಲಿ ಪಾಲಿಲೈನ್ ಆಯ್ಕೆ ಮಾಡಿದರೆ 0ಯಿಂದ 99ರೊಳಗೆ ನಿಖರತೆಯನ್ನು ಕೇಳುತ್ತದೆ. ಕಂಸವನ್ನು ಹಳೆಯ ಯಂತ್ರವೂ ಕಂಸವಾಗಿಯೇ ಕತ್ತರಿಸುತ್ತದೆ.

ಎರಡನೆಯ ಅಪಾಯ ಅಳತೆಯ ಮಾನದ್ದು. 12ನೆಯ ಆವೃತ್ತಿಯ ಡಿಎಕ್ಸ್‌ಎಫ್‌ನಲ್ಲಿ 100 ಎಂಬ ಅಂಕಿ ಇರುತ್ತದೆಯೇ ಹೊರತು ಅದು ಮಿಲಿಮೀಟರೋ ಅಂಗುಲವೋ ಎಂಬ ಸೂಚನೆ ಇರುವುದಿಲ್ಲ. ಪಡೆಯುವ ತಂತ್ರಾಂಶ ಅಂಗುಲವೆಂದು ಭಾವಿಸಿದರೆ ವಸ್ತು 25.4 ಪಟ್ಟು ದೊಡ್ಡದಾಗುತ್ತದೆ. ಇದು ಕಣ್ಣಿಗೆ ರಾಚುವ ತಪ್ಪಾದುದರಿಂದ ಅಷ್ಟು ಭಯವಿಲ್ಲ. ನಕ್ಷೆಯ ಪಕ್ಕದಲ್ಲಿ ಬೇರೆ ಪದರದ ಮೇಲೆ 100 ಮಿಲಿಮೀಟರಿನ ಒಂದು ಗೆರೆ ಎಳೆದು, ಮೊದಲು ಇದನ್ನು ಅಳೆಯಿರಿ ಎಂದು ಬರೆದರೆ ಸಾಕು.

ನಮ್ಮಂತಹ ಕನ್ನಡದವರಿಗೆ ಇನ್ನೊಂದು ತಲೆನೋವಿದೆ. ನುಡಿಯಂತಹ ಹಳೆಯ ಅಕ್ಷರಶೈಲಿಗಳಲ್ಲಿ ಕನ್ನಡ ಕಂಡರೂ ಕಡತದಲ್ಲಿ ಉಳಿಯುತ್ತಿದ್ದುದು ಇಂಗ್ಲಿಷ್ ಅಕ್ಷರಗಳ ಸಂಕೇತವೇ. ಆ ಶೈಲಿ ಇಲ್ಲದ ಗಣಕಯಂತ್ರದಲ್ಲಿ ‘ಗ್ರಂಥಾಲಯ’, ‘ಅಡುಗೆ ಕೋಣೆ’ ಎಂದು ಬರೆದ ಕಟ್ಟಡದ ನಕ್ಷೆ ತೆರೆದರೆ ಕೊಠಡಿಗಳ ಹೆಸರು ಅರ್ಥವಿಲ್ಲದ ಅಕ್ಷರಗಳ ಸಾಲಾಗುತ್ತದೆ. 2007ರ ರೂಪದಿಂದ ಡಿಡಬ್ಲ್ಯೂಜಿ ಕಡತ ಪಠ್ಯವನ್ನು ಯೂನಿಕೋಡಿನಲ್ಲಿ ಇಡುತ್ತದೆ. ಅದಕ್ಕೂ ಹಿಂದಿನ ರೂಪಕ್ಕೆ ಕನ್ನಡ ಬರಹವಿರುವ ನಕ್ಷೆಯನ್ನು ಇಳಿಸಬೇಕಾದರೆ ಜೊತೆಗೆ ಪಿಡಿಎಫ್ ಪ್ರತಿ ಕಳುಹಿಸದೆ ಗತಿಯಿಲ್ಲ.

ಈಗ ನಾನು ಅನುಸರಿಸುವ ಕ್ರಮವನ್ನು ಹೇಳುತ್ತೇನೆ. ಯಾವ ಆವೃತ್ತಿ ಬೇಕೆಂದು ಮೊದಲೇ ಕೇಳುತ್ತೇನೆ. ಮೂಲ ಕಡತವನ್ನು ಮುಟ್ಟದೆ, ಹೆಸರಿನ ಕೊನೆಗೆ ಆವೃತ್ತಿಯ ಅಂಕಿ ಸೇರಿಸಿ ಬೇರೊಂದು ಪ್ರತಿಯನ್ನು ‘ಸೇವ್ ಆ್ಯಸ್’ ಮೂಲಕ ಮಾಡುತ್ತೇನೆ. ಬೇರೆ ನಕ್ಷೆಗಳನ್ನು ಜೋಡಿಸಿಕೊಂಡ ಕಡತವಾದರೆ ‘ಇಟ್ರಾನ್ಸ್‌ಮಿಟ್’ ಆದೇಶ ಅವನ್ನೆಲ್ಲ ಒಟ್ಟುಗೂಡಿಸಿ ಕೊಡುತ್ತದೆ. ಬಳಿಕ ಆ ಇಳಿಸಿದ ಪ್ರತಿಯನ್ನೇ ನಾನು ಮತ್ತೆ ತೆರೆದು, ವಕ್ರ ಅಂಚುಗಳನ್ನು ಹತ್ತಿರಕ್ಕೆಳೆದು ನೋಡಿ, ಯಾವ ಯಾವ ಭಾಗ ಬದಲಾಗಿರಬಹುದೆಂದು ಪಿಡಿಎಫ್ ಪ್ರತಿಯ ಮೇಲೆಯೇ ಗುರುತು ಹಾಕುತ್ತೇನೆ. ಗೆಳೆಯನೂ ಈಗ ಮೊದಲ ತುಂಡನ್ನು ಕತ್ತರಿಸಿ, ಆ ಗುರುತುಗಳಿದ್ದಲ್ಲಿ ಅಳೆದು, ಫೋನ್ ಮಾಡಿದ ಮೇಲೆಯೇ ಎರಡನೆಯದಕ್ಕೆ ಕೈಹಾಕುತ್ತಾನೆ.

ತಂತ್ರಾಂಶ ಕೊಳ್ಳದೆಯೂ ರೂಪ ಬದಲಿಸಲು ಸಾಧ್ಯವಿದೆ. ಆಟೋಡೆಸ್ಕ್‌ನವರ ಡಿಡಬ್ಲ್ಯೂಜಿ ಟ್ರೂವ್ಯೂ ಮತ್ತು 1998ರಲ್ಲಿ ಆರಂಭವಾದ ಓಪನ್ ಡಿಸೈನ್ ಅಲಯನ್ಸ್‌ನವರ ಪರಿವರ್ತಕ, ಎರಡನ್ನೂ ಉಚಿತವಾಗಿ ಒದಗಿಸುತ್ತ ಬಂದಿದ್ದಾರೆ. ಹಳೆಯ ವಿದ್ಯಾರ್ಥಿಗಳಲ್ಲಿ ಯಾರ ಬಳಿಯಾದರೂ ತೆರೆಯಲಾಗದ ನಕ್ಷೆಗಳಿದ್ದರೆ, ಅವು ಹಳೆಯ ಫ್ಲಾಪಿಯಲ್ಲಿದ್ದರೂ ಸರಿ, ಶಾಲೆಯ ಕಚೇರಿಯಲ್ಲಿ ಹೆಸರು ಬರೆದು ಕೊಡಲಿ. ಶನಿವಾರ ಮಧ್ಯಾಹ್ನ ನಾನು ಅಲ್ಲಿಗೆ ಬಂದು ಹೋಗುತ್ತಿರುತ್ತೇನೆ.