ನಕ್ಷತ್ರಗಳ ಛಾಯಾಚಿತ್ರ

ಆಕಾಶದ ಛಾಯಾಚಿತ್ರ ತೆಗೆಯಲು ಬೆಲೆಬಾಳುವ ಯಂತ್ರಗಳೂ ದೊಡ್ಡ ದೂರದರ್ಶಕವೂ ಬೇಕೆಂದು ಅನೇಕರು ಭಾವಿಸುವುದುಂಟು. ಅದು ಸರಿಯಲ್ಲ. ಸಾಧಾರಣವಾದ ಒಂದು ಕ್ಯಾಮೆರಾ, ಅದನ್ನು ಅಲುಗದಂತೆ ನಿಲ್ಲಿಸಲು ಒಂದು ಆಸರೆ, ಸ್ವಲ್ಪ ತಾಳ್ಮೆ, ಇವಿಷ್ಟಿದ್ದರೆ ಬದಲಾಪುರದ ಮನೆಯ ಮಾಳಿಗೆಯಿಂದಲೇ ನಕ್ಷತ್ರಗಳನ್ನು ಚಿತ್ರದಲ್ಲಿ ಹಿಡಿಯಬಹುದು.

ಕಣ್ಣಿಗೂ ಕ್ಯಾಮೆರಾಕ್ಕೂ ಮುಖ್ಯವಾದ ಒಂದು ಭೇದವಿದೆ. ಕಣ್ಣು ಆಯಾ ಕ್ಷಣದ ಬೆಳಕನ್ನು ಮಾತ್ರ ಕಾಣುತ್ತದೆ. ಕ್ಯಾಮೆರಾ ತನ್ನ ಬಾಗಿಲು ತೆರೆದಿರುವವರೆಗೂ ಬೆಳಕನ್ನು ಕೂಡಿಸುತ್ತಲೇ ಇರುತ್ತದೆ. ‘ಹನಿಗೂಡಿದರೆ ಹಳ್ಳ’ ಎಂಬ ಗಾದೆ ಇಲ್ಲಿ ಚೆನ್ನಾಗಿ ಒಪ್ಪುತ್ತದೆ. 1880ರಲ್ಲಿ ಅಮೆರಿಕದ ಹೆನ್ರಿ ಡ್ರೇಪರ್ ಎಂಬವರು 51 ನಿಮಿಷಗಳ ಕಾಲ ಬೆಳಕನ್ನು ಕೂಡಿಸಿ ಮಹಾವ್ಯಾಧ ಪುಂಜದ ನೀಹಾರಿಕೆಯ ಮೊದಲ ಛಾಯಾಚಿತ್ರವನ್ನು ಪಡೆದರು. ಮುಂದೆ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಮೊದಲ ನಿರ್ದೇಶಕರಾದ ವೇಣು ಬಾಪು ಅವರು, 1949ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿದ್ದಾಗ, ಇಂತಹ ಛಾಯಾಫಲಕದಲ್ಲಿಯೇ ಹೊಸ ಧೂಮಕೇತುವೊಂದನ್ನು ಗುರುತಿಸಿದರು.

ಇನ್ನು ವಿಧಾನವನ್ನು ನೋಡೋಣ. ಮಳೆಗಾಲ ಕಳೆದ ಮೇಲೆ, ಅಮಾವಾಸ್ಯೆಗೆ ಸಮೀಪದ ನಿರ್ಮಲ ರಾತ್ರಿಯನ್ನು ಆರಿಸಿಕೊಳ್ಳಬೇಕು. ಬಾಗಿಲನ್ನು ಹಲವು ಸೆಕೆಂಡು ತೆರೆದಿಡುವ ಸೌಕರ್ಯ ಇಂದು ಅನೇಕ ಮೊಬೈಲ್ ಫೋನುಗಳಲ್ಲಿಯೂ ಉಂಟು. ಟ್ರೈಪಾಡ್ ಇಲ್ಲದಿದ್ದರೆ ಅಕ್ಕಿ ತುಂಬಿದ ಚಿಕ್ಕ ಚೀಲದ ಮೇಲೆ ಫೋನನ್ನು ಒರಗಿಸಿದರೂ ಸಾಕು. ಗುಂಡಿ ಒತ್ತುವಾಗ ಕೈ ತಾಗಿ ಅಲುಗದಂತೆ ಟೈಮರನ್ನು ಬಳಸಬೇಕು. ಫೋಕಸನ್ನು ಅನಂತಕ್ಕೂ, ಐಎಸ್‌ಒ ಅಂಕವನ್ನು 800 ಅಥವಾ 1600ಕ್ಕೂ ಇಟ್ಟು, 10 ಸೆಕೆಂಡಿನ ಚಿತ್ರದಿಂದ ಆರಂಭಿಸಬೇಕು. ಹೆಚ್ಚು ಹೊತ್ತು ತೆರೆದಿಟ್ಟರೆ ನಕ್ಷತ್ರಗಳು ಚುಕ್ಕೆಗಳಾಗಿ ಉಳಿಯದೆ ಗೆರೆಗಳಾಗುತ್ತವೆ. ಭೂಮಿ ತಿರುಗುತ್ತಿರುವುದೇ ಇದಕ್ಕೆ ಕಾರಣ.

ಈ ಗೆರೆಗಳಿಂದಲೇ ಒಂದು ಸುಂದರ ಪ್ರಯೋಗವನ್ನು ಮಾಡಬಹುದು. ಧ್ರುವ ನಕ್ಷತ್ರವು ಬದಲಾಪುರದಲ್ಲಿ ದಿಗಂತದಿಂದ ಸುಮಾರು 19 ಡಿಗ್ರಿ ಎತ್ತರದಲ್ಲಿದೆ. ಏಕೆಂದರೆ ಊರಿನ ಅಕ್ಷಾಂಶವೂ ಅಷ್ಟೇ. ಚಾಚಿದ ತೋಳಿನ ತುದಿಯಲ್ಲಿ ಎರಡು ಮುಷ್ಟಿಗಳನ್ನು ಒಂದರ ಮೇಲೊಂದಿಟ್ಟರೆ ಹೆಚ್ಚುಕಡಿಮೆ ಅಷ್ಟು ಎತ್ತರವಾಗುತ್ತದೆ. ಕ್ಯಾಮೆರಾವನ್ನು ಆ ದಿಕ್ಕಿಗೆ ನಿಲ್ಲಿಸಿ, 40 ನಿಮಿಷ ಬಿಡದೆ ಚಿತ್ರಗಳನ್ನು ತೆಗೆದು, ಅವೆಲ್ಲವನ್ನೂ ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಕೂಡಿಸಬೇಕು. ಆಗ ನಕ್ಷತ್ರಗಳು ಧ್ರುವನ ಸುತ್ತ ಕಮಾನುಗಳನ್ನು ಬರೆದಿರುತ್ತವೆ. ಧ್ರುವನನ್ನು ಕೇಂದ್ರವಾಗಿಟ್ಟು ಕೋನಮಾಪಕದಿಂದ ಅಳೆದರೆ ಪ್ರತಿಯೊಂದು ಕಮಾನೂ ಸುಮಾರು 10 ಡಿಗ್ರಿಯಷ್ಟಿರುತ್ತದೆ. ಗಂಟೆಗೆ 15 ಡಿಗ್ರಿಯಂತೆ ಭೂಮಿ ತಿರುಗುವುದನ್ನು ನಾವೇ ಅಳೆದಂತಾಯಿತು!

ನಮ್ಮ ಊರಿನ ವಾಯವ್ಯಕ್ಕೆ ಕಲ್ಯಾಣ, ಡೊಂಬಿವಲಿಗಳ ದೀಪಗಳಿಂದ ಆಕಾಶ ಬಿಳಿಚಿಕೊಂಡಿರುತ್ತದೆ. ಆಗ್ನೇಯದತ್ತ ಹೋದಂತೆ ಕತ್ತಲೆ ಹೆಚ್ಚುತ್ತದೆ. ಮುಂಬಯಿಯ ಖಗೋಲ ಮಂಡಳದವರು ಇರುಳಿಡೀ ಆಕಾಶವೀಕ್ಷಣೆ ನಡೆಸುತ್ತ ಬಂದಿರುವ ವಾಂಗಣಿ ನಮಗೆ ಮುಂದಿನ ನಿಲ್ದಾಣವೇ ಆಗಿದೆ. ಆದರೆ ಊರು ಬೆಳೆದಂತೆ ದೀಪಗಳೂ ಬೆಳೆಯುತ್ತವೆ. ಮಂದ ನಕ್ಷತ್ರಗಳು ಒಂದೊಂದಾಗಿ ಮರೆಯಾಗುತ್ತವೆ.

ಆದುದರಿಂದ ವಿದ್ಯಾರ್ಥಿಗಳು ಪ್ರತಿವರ್ಷವೂ ಅದೇ ಮಾಳಿಗೆಯಿಂದ, ಅದೇ ತಿಂಗಳ ಅಮಾವಾಸ್ಯೆಯಂದು, ಅದೇ ಕ್ಯಾಮೆರಾದಿಂದ, ಅಷ್ಟೇ ಸೆಕೆಂಡಿನ ಚಿತ್ರ ತೆಗೆದು, ದಿನ, ವೇಳೆ, ದಿಕ್ಕುಗಳನ್ನು ಪುಸ್ತಕದಲ್ಲಿ ಬರೆದಿಡಬೇಕು. ಕೃತ್ತಿಕೆಯಲ್ಲಿ ಎಷ್ಟು ಚುಕ್ಕೆಗಳು ಮೂಡಿವೆಯೆಂದು ಎಣಿಸಬೇಕು. ಹತ್ತು ವರ್ಷಗಳ ತರುವಾಯ ಆ ಪುಸ್ತಕವು ನಮ್ಮ ಊರಿನ ಆಕಾಶದ ಚರಿತ್ರೆಯಾಗುವುದು. ಅನಾವಶ್ಯಕ ದೀಪಗಳನ್ನು ಆರಿಸಿರೆಂದು ಹಿರಿಯರನ್ನು ಕೇಳಿಕೊಳ್ಳುವಾಗ, ತೋರಿಸಲು ನಮ್ಮ ಕೈಯಲ್ಲಿ ಸಾಕ್ಷ್ಯವೂ ಇರುವುದು.